ಏಣಿಯ ಮೆಟ್ಟಿಲಲ್ಲಿ ಕಾಯುವ ಪಾಠ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೋಧನೆಯ ನೂತನ ಮಾದರಿಗಳನ್ನೂ ಕಲಿಕೆಯ ಹೊಸ ಮಾಧ್ಯಮಗಳನ್ನೂ ಕುರಿತು ಮಾತನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಮೂರು ದಶಕಗಳಿಗೂ ಮಿಗಿಲಾಗಿ ಕಪ್ಪುಹಲಗೆಯ ಮುಂದೆ ನಿಂತು, ಸೀಮೆಸುಣ್ಣದ ಧೂಳು ಕುಡಿದು ನಿವೃತ್ತನಾದವನಿಗೆ 'ನೂತನ' ಎಂಬ ಮಾತು ತುಸು ಮುಜುಗರ ತರುವಂಥದೇ ಸರಿ. ಆದರೂ ಒಪ್ಪಿಕೊಂಡಿದ್ದೇನೆ. ಕಾರಣ ತಮಗೆಲ್ಲ ತಿಳಿದೇ ಇದೆ. ದೇವಾಲಯದ ಹಿಂಬದಿಯ ಕೋಣೆಯಲ್ಲಿ ನಡೆಯುವ ಸಂಜೆಯ ಪಾಠಕ್ಕೆ ಶತಮಾನೋತ್ಸವದ ನಿಧಿಯಿಂದ ಸ್ಮಾರ್ಟ್ ಬೋರ್ಡ್ ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆ ಸಮಿತಿಯ ಮುಂದಿದೆ. ಈ ವಿಷಯದಲ್ಲಿ ನಮ್ಮೊಳಗೆ ಎರಡು ಅಭಿಪ್ರಾಯಗಳಿವೆ. ಕಳೆದ ಭಾನುವಾರ ಅವೆರಡೂ ಸ್ವಲ್ಪ ಗಟ್ಟಿಯಾಗಿಯೇ ಕೇಳಿಬಂದವು.

ಮೊದಲು ನನ್ನದೇ ಒಂದು ತಪ್ಪನ್ನು ಅರಿಕೆ ಮಾಡಿಕೊಳ್ಳುತ್ತೇನೆ. 1983ರ ಮಾತು. ನಾನು ಆಗ ಒಂದು ಹಳ್ಳಿಯ ಶಾಲೆಯಲ್ಲಿ ಎರಡನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಕೂಲಿಯವರ ಮನೆಯ ಹುಡುಗಿಯೊಬ್ಬಳು ರಾಗಿಯ ಹೊಲದಲ್ಲಿ ಕಳೆ ಕೀಳುವ ಕಾಲ ಬಂದೊಡನೆ ಶಾಲೆ ಬಿಡುತ್ತಿದ್ದಳು. ತಾಯಿ ಹೊಲಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವವರು ಬೇರೆ ಇರಲಿಲ್ಲ. ಮೂರು ವಾರದ ಮೇಲೆ ಅವಳು ತಿರುಗಿ ಬಂದಾಗ ತರಗತಿ ಹತ್ತು ಪಾಠ ಮುಂದೆ ಹೋಗಿತ್ತು. ನಾನು ಅವಳಿಗಾಗಿ ಹಿಂದಕ್ಕೆ ಹೋಗಲಿಲ್ಲ. ಕೊನೆಯ ಸಾಲಿನಲ್ಲಿ ಕೂರಿಸಿ, ಪಕ್ಕದವಳ ಪುಸ್ತಕ ನೋಡಿ ಬರೆದುಕೊ ಎಂದೆ. ಅವಳು ಬರೆದುಕೊಂಡಳು, ಓದಲಿಲ್ಲ. ಸುಗ್ಗಿಯ ಕಾಲಕ್ಕೆ ಮತ್ತೆ ಹೋದವಳು ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದವನು ನಾನೇ.

ಹನ್ನೆರಡು ವರ್ಷಗಳ ತರುವಾಯ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಡನೆ 'ನಲಿ-ಕಲಿ' ಎಂಬ ಪ್ರಯೋಗ ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯವರು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ರೂಪಿಸಿದ್ದ ಪದ್ಧತಿಯನ್ನು ಈ ತಾಲ್ಲೂಕಿನ ಶಿಕ್ಷಕರು ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕನ್ನಡದಲ್ಲಿ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಅಂಥ ಒಂದು ಶಾಲೆಯನ್ನು ನೋಡುವ ಅವಕಾಶ ನನಗೂ ಒದಗಿತು. ಕೋಣೆಯಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬುದೇ ಇರಲಿಲ್ಲ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತಿದ್ದರು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಆಗಾಗ್ಗೆ ನೆರವು, ಮತ್ತೊಂದಕ್ಕೆ ಗೆಳೆಯರದೇ ನೆರವು. ಕಡೆಯ ಗುಂಪಿನವರು ತಾವಾಗಿಯೇ ಕಲಿಯುವವರು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ ಕಪ್ಪುಹಲಗೆ. ತಲೆಯ ಮೇಲೆ ಹಗ್ಗ ಕಟ್ಟಿದ ಚಪ್ಪರ; ಅದರಿಂದ ತೂಗುವ ಮಕ್ಕಳ ಚಿತ್ರಗಳು, ಬರಹಗಳು.

ನನ್ನ ಕಣ್ಣು ನೆಟ್ಟಿದ್ದು ಮಾತ್ರ ಗೋಡೆಯ ಮೇಲಿನ ಕಲಿಕಾ ಏಣಿಯ ಮೇಲೆ. ಪ್ರತಿ ಮೆಟ್ಟಿಲಿಗೂ ಒಂದು ಚಿಹ್ನೆ, ಆ ಚಿಹ್ನೆಯುಳ್ಳ ಒಂದು ಕಾರ್ಡು. ಮಗು ತಾನು ನಿಂತಿರುವ ಮೆಟ್ಟಿಲನ್ನು ಏಣಿಯಲ್ಲಿ ಗುರುತಿಸಿಕೊಂಡು, ಆ ಕಾರ್ಡನ್ನು ತಾನೇ ಆರಿಸಿ ತಂದು ಕುಳಿತುಕೊಳ್ಳುತ್ತದೆ. ಮೂರು ವಾರ ಬಾರದಿದ್ದ ಮಗು ತಿರುಗಿ ಬಂದರೆ, ಬಿಟ್ಟುಹೋದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅಷ್ಟು ದಿನ ಆ ಪಾಠ ಅಲ್ಲಿಯೇ ಕಾದಿರುತ್ತದೆ. ಆ ಏಣಿಯ ಮುಂದೆ ನಿಂತಾಗ ನನಗೆ ಕೆಂಪು ಶಾಯಿಯ ನೆನಪಾಯಿತು.

ಅಕ್ಷರ ಕಲಿಸುವ ಬಗೆಯನ್ನೂ ಹೇಳಬೇಕು. ನಾವೆಲ್ಲ ಅ ಆ ಇ ಈ ಎಂದು ವರ್ಣಮಾಲೆಯ ಕ್ರಮದಲ್ಲಿಯೇ ತಿದ್ದಿದವರು. ಕಾಗುಣಿತವೆಲ್ಲ ಮುಗಿದು ಒಂದು ಪದವನ್ನು ಸ್ವತಃ ಓದುವ ಹೊತ್ತಿಗೆ ವರ್ಷವೇ ಕಳೆಯುತ್ತಿತ್ತು. ಇಲ್ಲಿ ಮಗುವಿಗೆ ಮೊದಲು ಎದುರಾಗುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರ. ಕೊಂಬಿಲ್ಲ, ದೀರ್ಘವಿಲ್ಲ, ಒತ್ತಿಲ್ಲ. ಆದರೆ ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂದು ಓದಬಹುದು, ದಸರವನ್ನೂ ಬರೆಯಬಹುದು. 'ಗರಗಸ' ಎಂದು ಓದಿ ಮುಗಿಸಿದ ಮಗುವಿನ ಮುಖವನ್ನು ನೋಡಿದವರಿಗೆ ಈ ಕ್ರಮವನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ಪದ್ಧತಿಯಲ್ಲಿ ದೋಷವಿಲ್ಲವೆಂದು ನಾನು ಹೇಳಲಾರೆ. 2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆಲ್ಲ ವಿಸ್ತರಿಸಿದಾಗ, ಶಿಕ್ಷಕರು ತಾವೇ ಮಾಡಿಕೊಂಡ ಕಾರ್ಡು ಬೇರೆ, ಮೇಲಿನಿಂದ ಕಟ್ಟಾಗಿ ಬಂದಿಳಿದ ಕಾರ್ಡು ಬೇರೆ ಎಂಬುದು ಅನೇಕರ ಅನುಭವಕ್ಕೆ ಬಂತು. ಕಾರ್ಡು ಸವೆದರೆ, ಒಂದು ಕಳೆದರೆ, ಏಣಿಯ ಮೆಟ್ಟಿಲೇ ಮುರಿದಂತೆ. ಮಕ್ಕಳು ಹೆಚ್ಚಿದ್ದು ಶಿಕ್ಷಕರೊಬ್ಬರೇ ಇದ್ದಲ್ಲಿ ಗುಂಪುಗಳು ಹೆಸರಿಗೆ ಮಾತ್ರ ಉಳಿದವು.

ಇನ್ನು ಯಂತ್ರಗಳ ಮಾತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಅದೊಂದು ಅದ್ಭುತವೇ. ಆದರೆ ಪೆಟ್ಟಿಗೆ ಹೇಳುತ್ತಿತ್ತು, ಮಗು ಕೇಳುತ್ತಿತ್ತು. ಮಗು ಹೇಳಿದರೆ ಪೆಟ್ಟಿಗೆಗೆ ಕೇಳುತ್ತಿರಲಿಲ್ಲ. ಅದೇ ದಶಕದಲ್ಲಿ ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಬಡ ರೇಡಿಯೋದಿಂದಲೇ ಗಣಿತ ಕಲಿಸಿದವರು ಒಂದು ಉಪಾಯ ಮಾಡಿದರು. ರೇಡಿಯೋ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಆ ಮೌನದಲ್ಲಿ ಮಕ್ಕಳೆಲ್ಲ ಕೂಗಿ ಉತ್ತರ ಹೇಳುತ್ತಾರೆ. ಅನಂತರ ರೇಡಿಯೋ ಸರಿಯುತ್ತರವನ್ನು ಹೇಳುತ್ತದೆ. ನಮ್ಮ ಆಕಾಶವಾಣಿಯಲ್ಲಿ 'ಚಿನ್ನರ ಚುಕ್ಕಿ', 'ಚುಕ್ಕಿ ಚಿನ್ನ' ಎಂಬ ಪಾಠಗಳು ಬಂದದ್ದು ಇಲ್ಲಿಯ ಶಿಕ್ಷಕರಿಗೆ ನೆನಪಿರಬಹುದು.

ಹರಟೆಯಾಯಿತೆಂದು ವಿದ್ಯಾವಂತ ಯುವಕರು ಬೇಸರಪಡದಿರಲಿ, ಅಂಕಿಯನ್ನೂ ಹೇಳುತ್ತೇನೆ. ಅಮೆರಿಕದ ರಿಚರ್ಡ್ ಹೇಕ್ ಎಂಬ ಭೌತಶಾಸ್ತ್ರಜ್ಞರು 1998ರಲ್ಲಿ 62 ಪಾಠಕ್ರಮಗಳ 6,542 ವಿದ್ಯಾರ್ಥಿಗಳ ಪರೀಕ್ಷಾ ಫಲಗಳನ್ನು ಪ್ರಕಟಿಸಿದರು. ಉಪನ್ಯಾಸವನ್ನು ಕೇಳಿ ಬರೆದುಕೊಂಡ ತರಗತಿಗಳವರು, ಗಳಿಸಲು ಸಾಧ್ಯವಿದ್ದುದರಲ್ಲಿ ಸರಾಸರಿ ಶೇಕಡ 23ರಷ್ಟನ್ನು ಮಾತ್ರ ಗಳಿಸಿದ್ದರು. ಪ್ರಶ್ನೆ, ಚರ್ಚೆ, ಕೈಕೆಲಸಗಳಲ್ಲಿ ತೊಡಗಿದವರು ಶೇಕಡ 48ರಷ್ಟು ಗಳಿಸಿದ್ದರು.

ಕೊನೆಗೆ, ನಮ್ಮ ಸಭೆಗೇ ಸೇರಿದ ಒಂದು ಸಂಗತಿ. 1947ರಲ್ಲಿ ಕೊಲಂಬಿಯಾ ದೇಶದ ಸುತಾತೆನ್ಸಾ ಎಂಬ ಬೆಟ್ಟದ ಹಳ್ಳಿಗೆ ಹೊಸೆ ಹೊವಾಕಿನ್ ಸಾಲ್ಸೆದೋ ಎಂಬ ತರುಣ ಗುರುಗಳು ಬಂದರು. ಅಕ್ಷರ ಬಾರದ ರೈತರು ಬೆಟ್ಟಗಳಲ್ಲೆಲ್ಲ ಚದುರಿದ್ದರು. ಗುರುಗಳು ಒಂದು ಸಣ್ಣ ರೇಡಿಯೋ ಪ್ರಸಾರ ಯಂತ್ರವನ್ನು ಸ್ಥಾಪಿಸಿ ಅದರ ಮೂಲಕ ಓದುಬರಹ, ಲೆಕ್ಕ, ಆರೋಗ್ಯ, ಬೇಸಾಯಗಳನ್ನು ಕಲಿಸತೊಡಗಿದರು. ಆ ಕಾರ್ಯ ಸುಮಾರು ನಾಲ್ಕು ದಶಕ ನಡೆಯಿತು. ಆದರೆ ಅವರು ರೇಡಿಯೋವನ್ನು ಒಂಟಿಯಾಗಿ ಬಿಡಲಿಲ್ಲ. ರೇಡಿಯೋ ಇದ್ದ ಮನೆಯಲ್ಲಿ ನೆರೆಯವರು ಕೂಡುತ್ತಿದ್ದರು. ಅವರಲ್ಲಿ ಓದಬಲ್ಲ ಒಬ್ಬರು ರೇಡಿಯೋ ಹೇಳಿದ ಅಕ್ಷರವನ್ನು ಹಲಗೆಯ ಮೇಲೆ ಬರೆದು ತೋರಿಸಿ, ಪಕ್ಕದವರ ಕೈ ಹಿಡಿದು ತಿದ್ದಿಸುತ್ತಿದ್ದರು. ಅವರು ಶಿಕ್ಷಕರಲ್ಲ, ಅದೇ ಹಳ್ಳಿಯ ರೈತರು.

ಆದುದರಿಂದ ಸ್ಮಾರ್ಟ್ ಬೋರ್ಡನ್ನು ನಾನು ವಿರೋಧಿಸುವುದಿಲ್ಲ. ಒಂದೇ ಷರತ್ತು: ಅದಕ್ಕೆ ಮೊದಲು, ವಾರಕ್ಕೆ ಎರಡು ಸಂಜೆ ಆ ಕೋಣೆಯಲ್ಲಿ ಮಕ್ಕಳ ಪಕ್ಕ ಕುಳಿತುಕೊಳ್ಳಲು ಆರು ಮಂದಿ ದೊರೆಯಬೇಕು. ದೊಡ್ಡ ಓದು ಬೇಕಿಲ್ಲ, 'ಗರಗಸ' ಓದಲು ಬಂದರೆ ಸಾಕು. ಆರು ಮಂದಿ ಸಿಕ್ಕಿದ ದಿನ ನಿಧಿಯ ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ. ಸಿಗದಿದ್ದರೆ ಆ ಹಣದಿಂದ ಒಬ್ಬ ಶಿಕ್ಷಕಿಗೆ ಸಂಬಳ ಕೊಡೋಣವೆಂದು ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಹೆಸರು ಬರೆದುಕೊಳ್ಳಲು ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇನೆ. ಮೊದಲ ಹೆಸರು ನನ್ನದು. ಮಂಗಳವಾರ ಮತ್ತು ಶುಕ್ರವಾರ, ಸಂಜೆ ಆರು ಗಂಟೆಗೆ. ಇನ್ನು ಐದು ಹೆಸರುಗಳಿಗೆ ಸ್ಥಳವಿದೆ.