ದುಡಿಯುವ ಮಹಿಳೆಗೆ ಸೂರಿನ ಹಕ್ಕು



ಯಳಂದೂರಿನಿಂದ ಹನೂರಿನ ಪಾಲಾರ್ ಗಡಿಯವರೆಗಿನ ಈ ಸೀಮೆಯ ಹೆಸರು ರೇಷ್ಮೆಯೊಂದಿಗೆ ಬೆಸೆದಿದೆ. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯನ್ನೂ ಬಿಚ್ಚಾಣಿಕೆ ಘಟಕಗಳನ್ನೂ ಕಾಣದವರು ನಮ್ಮಲ್ಲಿಲ್ಲ. ಆದರೆ ಬಿಸಿನೀರಿನಲ್ಲಿ ಕೈಯದ್ದಿ ಗೂಡಿನ ಎಳೆ ಹಿಡಿಯುವ ಮಹಿಳೆ ಸಂಜೆ ಎಲ್ಲಿಗೆ ಮರಳುತ್ತಾಳೆಂದು ನಾವು ಕೇಳಿದ್ದೇವೆಯೇ? ಗಂಡನನ್ನು ಕಳೆದುಕೊಂಡವಳು, ತಲಾಕ್ ಆದವಳು ಅಣ್ಣನ ಮನೆಯ ಮೂಲೆಯಲ್ಲಿ ಮಕ್ಕಳೊಂದಿಗೆ ದಿನ ದೂಡುತ್ತಾಳೆ. ಅತ್ತಿಗೆಯ ಮುಖ ನೋಡಿ ಒಲೆ ಹಚ್ಚಬೇಕಾದ ಬದುಕು ಅವಳದು.

ವಿಚ್ಛೇದಿತೆಯ ವಾಸದ ಪ್ರಶ್ನೆಯನ್ನು ಪವಿತ್ರ ಕುರ್‌ಆನ್ ಕಡೆಗಣಿಸಿಲ್ಲ. ಇದ್ದತ್‌ನ ಅವಧಿಯಲ್ಲಿ ನೀವು ವಾಸಿಸುವಲ್ಲೇ ನಿಮ್ಮ ಶಕ್ತ್ಯಾನುಸಾರ ಆಕೆಗೂ ವಾಸ ಕಲ್ಪಿಸಬೇಕೆಂದು 'ಅತ್ತಲಾಕ್' ಅಧ್ಯಾಯವು ಆದೇಶಿಸುತ್ತದೆ. ವಿಧವೆಗಾಗಿ ಶ್ರಮಿಸುವವನನ್ನು ಪ್ರವಾದಿ(ಸ)ರು ಅಲ್ಲಾಹನ ಮಾರ್ಗದಲ್ಲಿ ಹೋರಾಡುವವನಿಗೆ ಹೋಲಿಸಿದ್ದಾರೆ. ಹಾಗಿದ್ದೂ ನಾವು ರಮಝಾನಿನಲ್ಲಿ ಒಂದು ಸೀರೆ, ಒಂದು ಚೀಲ ಅಕ್ಕಿ ಕೊಟ್ಟು ಹೊಣೆ ಮುಗಿಯಿತೆಂದು ಭಾವಿಸುತ್ತೇವೆ.

ಹೊರಗಿನಿಂದ ಒಂದು ಪಾಠ ಕಲಿಯೋಣ. ಕನ್ನಡಿಗರೂ ನೆಲೆಸಿರುವ ಗಡಿಯಾಚೆಯ ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ ಮಹಿಳೆಯರು ಸಹಕಾರ ಸಂಘ ರಚಿಸಿ, ನರಸಯ್ಯ ಆಡಂ ಅವರ ನೇತೃತ್ವದಲ್ಲಿ ವರ್ಷಗಟ್ಟಲೆ ಹೋರಾಡಿದರು. ಸರಕಾರದ ನೆರವಿಗೆ ತಮ್ಮ ಪಾಲನ್ನೂ ಸೇರಿಸಿದರು. ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ 10,000 ಮನೆಗಳೆದ್ದವು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಕೀಲಿಕೈ ಹಸ್ತಾಂತರಿಸಿದರು. ಅಲ್ಲಿಯ ರೇ ನಗರದಲ್ಲಿ ಅಸಂಘಟಿತ ಕಾರ್ಮಿಕರ 15,000 ಮನೆಗಳು 2024ರಲ್ಲಿ ಉದ್ಘಾಟನೆಗೊಂಡವು.

ಉದ್ಯಮಕ್ಕೂ ಇದರಲ್ಲಿ ಹೊಣೆಯಿದೆ. 1976ರ ಕಾನೂನಿನಂತೆ ಬೀಡಿಯ ಮೇಲೆ ಸೆಸ್ ವಸೂಲಾಗಿ, ಆ ನಿಧಿಯಿಂದ ಕಾರ್ಮಿಕರ ಮನೆಗಳಿಗೂ ನೆರವು ಸಿಗುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ ರದ್ದಾಯಿತು. ಆದರೆ ಇನ್ನೊಂದು ಬಾಗಿಲು ತೆರೆದಿದೆ. 2013ರ ಕಂಪೆನಿ ಕಾಯ್ದೆಯಂತೆ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪೆನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಮಹಿಳೆಯರಿಗೂ ಅನಾಥರಿಗೂ ವಸತಿಗೃಹ ಕಟ್ಟುವುದು ಆ ಕಾಯ್ದೆಯ ಪಟ್ಟಿಯಲ್ಲೇ ಇದೆ.

ನಮ್ಮ ಸಣ್ಣ ಬಿಚ್ಚಾಣಿಕೆ ಘಟಕಗಳಿಗೆ ಈ ನಿಯಮ ಅನ್ವಯಿಸದು. ಆದರೆ ಅವುಗಳ ಮಾಲಕರಲ್ಲಿ ನಮ್ಮವರೂ ಇದ್ದಾರೆ. ಕಾನೂನು ಬಿಟ್ಟರೂ ಅಲ್ಲಾಹನ ವಿಚಾರಣೆ ಬಿಡದು. ಅವರು ನಿವೇಶನಕ್ಕೆ ನೆರವಾಗಲಿ. ದೊಡ್ಡ ಕಂಪೆನಿಗಳ ಬಾಗಿಲನ್ನು ಜಮಾಅತ್‌ಗಳು ತಟ್ಟಲಿ. ಆದರೆ ಬರಿಗೈಯಲ್ಲಿ ಹೋದರೆ ಫಲವಿಲ್ಲ. ನೋಂದಾಯಿತ ಟ್ರಸ್ಟ್, ತೆರಿಗೆ ಇಲಾಖೆಯ ಮಾನ್ಯತೆ, ಮೂರು ವರ್ಷಗಳ ಸೇವೆಯ ದಾಖಲೆ, ಚೊಕ್ಕ ಲೆಕ್ಕಪತ್ರ ಬೇಕು. ಇವಿಲ್ಲದಿದ್ದರೆ ಇಂದೇ ಸಿದ್ಧತೆ ಆರಂಭಿಸಿ. ಪ್ರತಿ ಮೊಹಲ್ಲಾದಲ್ಲಿ ಸೂರಿಲ್ಲದ ಮಹಿಳೆಯರ ಪಟ್ಟಿ ಮಾಡಿ. ಸಹೋದರಿಯರೇ ಮನೆ ಮನೆಗೆ ಹೋಗಲಿ. ಜಾತಿ ಧರ್ಮ ನೋಡದೆ, ಕಷ್ಟವನ್ನಷ್ಟೇ ನೋಡಿ ಹೆಸರು ಬರೆಯಿರಿ.

ಕೊನೆಯದಾಗಿ ಒಂದು ಷರತ್ತು. ಕಟ್ಟಿಕೊಟ್ಟ ಮನೆಯ ಹಕ್ಕುಪತ್ರ ಆಕೆಯ ಹೆಸರಿನಲ್ಲೇ ಇರಲಿ. ಅಣ್ಣನ ಹೆಸರಿಗೆ, ಮಗನ ಹೆಸರಿಗೆ ಬರೆದ ಮನೆ ನಾಳೆ ಅವಳನ್ನು ಮತ್ತೆ ಬೀದಿಗೆ ತಳ್ಳಬಹುದು. ಆಸ್ತಿಯಲ್ಲಿ ಮಹಿಳೆಗೆ ಪಾಲು ನಿಗದಿಪಡಿಸಿದ ಧರ್ಮದ ಅನುಯಾಯಿಗಳು ನಾವು. ಅದನ್ನು ಭಾಷಣದಲ್ಲಿ ಹೇಳಿದರೆ ಸಾಲದು, ಪತ್ರದಲ್ಲಿ ಬರೆದು ತೋರಿಸೋಣ. ಅಲ್ಲಾಹನು ನಮಗೆ ಅದರ ಸೌಭಾಗ್ಯ ನೀಡಲಿ. ಆಮೀನ್.