ಬಸ್ ಫ್ರೀ ಇದ್ರೂ ನಾನ್ಯಾಕೆ ಕಾರಲ್ಲಿ ಹೋಗ್ತೀನಿ?

ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ. ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ನೀವು ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿ, ‘ಇಡೀ ಕಾರಲ್ಲಿ ಒಬ್ಬರೇ ಕೂತಿದ್ದಾರಲ್ಲ’ ಅಂತ ಬೈದುಕೊಳ್ತೀರಲ್ಲ? ಆ ಒಬ್ಬರು ನಾನೇ. ಹೊರಮಾವಿನಿಂದ ಬೆಳ್ಳಂದೂರಿಗೆ, ವಾರಕ್ಕೆ ಐದು ದಿನ.

ಇದರಲ್ಲಿ ತಮಾಷೆ ಏನಂದ್ರೆ, ನನಗೆ ಬಸ್ ಫ್ರೀ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ಸಾದಾ ಬಸ್ಸಲ್ಲಿ ಐಡಿ ತೋರಿಸಿದರೆ ಸಾಕು, ಶೂನ್ಯ ಟಿಕೆಟ್. ಆದ್ರೂ ನಾನು ಪೆಟ್ರೋಲ್ ಹಾಕಿಸಿಕೊಂಡು, ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋಯಿಸಿಕೊಂಡು ಕಾರಲ್ಲೇ ಹೋಗ್ತೀನಿ.

2025ರಲ್ಲಿ ಒಂದು ಸುದ್ದಿ ಬಂತು, ನೆನಪಿರಬಹುದು. ರಿಂಗ್ ರೋಡಲ್ಲಿ ಒಬ್ಬರೇ ಓಡಿಸೋ ಕಾರುಗಳಿಗೆ ದಟ್ಟಣೆ ಶುಲ್ಕ ಹಾಕಬೇಕು ಅನ್ನೋ ಪ್ರಸ್ತಾಪ. ಅವತ್ತು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿದ್ದ ಹಾಗಾಯ್ತು. ಮೇಲಿನ ಮನೆ ಅಂಕಲ್ ವಾಯ್ಸ್ ನೋಟ್ ಹಾಕಿದ್ರು: “ಗಾಡಿ ತಗೊಂಡಾಗ ಲೈಫ್ ಟ್ಯಾಕ್ಸ್ ಕಟ್ಟಿದೀನಿ. ಪೆಟ್ರೋಲಿಗೆ ಟ್ಯಾಕ್ಸ್ ಕಟ್ತೀನಿ. ಏರ್‌ಪೋರ್ಟಿಗೆ ಹೋದ್ರೆ ಟೋಲ್ ಕಟ್ತೀನಿ. ಇನ್ನು ಗುಂಡಿಗೆ ಬೀಳೋಕೂ ದುಡ್ಡು ಕೊಡ್ಬೇಕಾ?” ಅವರ ಮಾತಲ್ಲಿ ಸುಳ್ಳೇನಿಲ್ಲ. ಕಾರಿನ ರೋಡ್ ಟ್ಯಾಕ್ಸ್ ಜಾಸ್ತಿ ಇರೋ ರಾಜ್ಯಗಳಲ್ಲಿ ನಮ್ಮದೂ ಒಂದು.

ಮಂಡ್ಯ ಕಡೆಯ ಒಬ್ಬ ಕ್ಯಾಬ್ ಡ್ರೈವರ್‌ನ ಕೇಳಿದೆ. “ಮೇಡಂ, ನಾನು ಗಿರಾಕಿ ಇಳಿಸಿ ಖಾಲಿ ವಾಪಸ್ ಬರ್ತೀನಲ್ಲ, ಆಗ ನಾನೂ ಒಬ್ಬನೇ. ಅದಕ್ಕೆ ಯಾರು ಕಟ್ತಾರೆ?” ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಆದ್ರೆ ನನ್ನನ್ನ ನಿಜವಾಗಿ ಯೋಚನೆಗೆ ಹಚ್ಚಿದ್ದು ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕ. ಟ್ಯಾಕ್ಸ್ ವಿಷಯ ಎತ್ತಿದ್ದಕ್ಕೆ ನಕ್ಕರು. ಅವರಿಗೂ ಟಿಕೆಟ್ ಫ್ರೀ. ಆದ್ರೆ ಬೆಳಗ್ಗೆ ಮೂರು ಮನೆ ಮುಗಿಸಬೇಕು, ಮೊದಲ ಮನೆಗೆ ಲೇಟಾದ್ರೆ ಮೂರಕ್ಕೂ ಲೇಟು. ಇಪ್ಪತ್ತು ನಿಮಿಷ ಬಸ್ಸಿಗೆ ಕಾಯ್ತಾರೆ, ಬರದೇ ಇದ್ರೆ ಶೇರ್ ಆಟೋ ಹತ್ತಿ ಇಪ್ಪತ್ತು ರೂಪಾಯಿ ಕೊಡ್ತಾರೆ. ವಾರಕ್ಕೆ ಮೂರು ದಿನನಾದ್ರೂ ಹೀಗೆ ಆಗುತ್ತಂತೆ. ಅಂದ್ರೆ ದಟ್ಟಣೆ ಶುಲ್ಕ ಈ ಊರಲ್ಲಿ ಆಗಲೇ ಇದೆ. ಕಾರೇ ಇಲ್ಲದವರು ಕಟ್ತಿದ್ದಾರೆ. ಅದನ್ನ ಲೆಕ್ಕಕ್ಕೆ ಹಿಡಿಯೋರು ಯಾರೂ ಇಲ್ಲ, ಅಷ್ಟೇ.

ಬೇರೆ ಊರುಗಳಲ್ಲಿ ಏನಾಯ್ತು ಅಂತ ಬೇಗ ಹೇಳ್ತೀನಿ. ಸಿಂಗಾಪುರ 1975ರಲ್ಲೇ ಶುರು ಮಾಡ್ತು. ಲಂಡನ್‌ನಲ್ಲಿ 2003ರ ಫೆಬ್ರವರಿ 17ಕ್ಕೆ ಬಂತು, ದಿನಕ್ಕೆ 5 ಪೌಂಡ್. ಅದೇ ದಿನ ಸುಮಾರು 300 ಹೆಚ್ಚುವರಿ ಬಸ್ಸುಗಳೂ ರಸ್ತೆಗೆ ಇಳಿದವು. ನ್ಯೂಯಾರ್ಕ್ 2025ರ ಜನವರಿ 5ಕ್ಕೆ, 9 ಡಾಲರ್. ಜನ ಬೇಡ ಅಂದಿದ್ದೂ ಇದೆ: 2005ರಲ್ಲಿ ಎಡಿನ್‌ಬರೋ, 2008ರಲ್ಲಿ ಮ್ಯಾಂಚೆಸ್ಟರ್. ಎರಡೂ ಕಡೆ ಮತ ಹಾಕಿ ತಿರಸ್ಕರಿಸಿದರು.

ಸ್ವಲ್ಪ ನಿಧಾನವಾಗಿ ಕೇಳಬೇಕಾದ್ದು ಸ್ಟಾಕ್‌ಹೋಮ್ ಕಥೆ. ಅಲ್ಲಿನ ಜನ ಮೊದಲು ಬಲವಾಗಿ ವಿರೋಧ ಮಾಡಿದ್ರು. ಆಗ ಸರ್ಕಾರ ಟ್ರಯಲ್ ಮಾಡೋಣ ಅಂತು. 2005ರ ಆಗಸ್ಟಲ್ಲಿ ಮೊದಲು ಸುಮಾರು 200 ಹೊಸ ಬಸ್ ಬಿಟ್ಟರು. 2006ರ ಜನವರಿಯಿಂದ ಜುಲೈವರೆಗೆ ಶುಲ್ಕ. ನಗರದೊಳಗೆ ಹೋಗಿ ಬರೋ ವಾಹನಗಳು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಕಡಿಮೆ ಆದವು. ಆಮೇಲೆ ಸೆಪ್ಟೆಂಬರಲ್ಲಿ ಮತ ಕೇಳಿದ್ರೆ, ನಗರದ ಜನ ಹೂಂ ಅಂದ್ರು. 2007ರಿಂದ ಅದು ಖಾಯಂ.

ಇದರಲ್ಲಿ ನನ್ನ ವಾದಕ್ಕೇ ಏಟು ಕೊಡೋ ವಿಷಯ ಒಂದಿದೆ. ‘ಮೊದಲು ಬಸ್ ಕೊಡಿ, ಕಾರು ತಾನಾಗೇ ಬಿಡ್ತೀವಿ’ ಅಂತ ನಾವೆಲ್ಲ ಹೇಳ್ತೀವಲ್ಲ? ಸ್ಟಾಕ್‌ಹೋಮಲ್ಲಿ ಹೊಸ ಬಸ್ ಬಂದ ಮೊದಲ ತಿಂಗಳುಗಳಲ್ಲಿ ಕಾರುಗಳು ಕಡಿಮೆಯಾದದ್ದು ಅಂದ್ರೆ ಇಲ್ಲವೇ ಇಲ್ಲ ಅನ್ನಬಹುದು. ಶುಲ್ಕ ಬಂದ ಮೇಲೇನೇ ಕಡಿಮೆಯಾಗಿದ್ದು. ಬಸ್ ಬಂದ ಮಾತ್ರಕ್ಕೆ ನನ್ನಂಥೋರು ಕಾರಿನಿಂದ ಇಳಿಯಲ್ಲ. ಇದನ್ನ ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯ್ತು.

ಆದ್ರೆ ಅಲ್ಲಿ ಶುಲ್ಕ ಇರೋದು ನಗರದ ನಡುಭಾಗಕ್ಕೆ, ಅಲ್ಲಿಗೆ ಮೆಟ್ರೋನೂ ಇದೆ, ಬಸ್ಸೂ ಇದೆ. ನಮ್ಮ ರಿಂಗ್ ರೋಡ್ ಹಾಗಲ್ಲ. ಆಫೀಸು ಅದರ ಮೇಲೇ ಇದೆ, ಬದಲಿ ದಾರಿ ಇಲ್ಲ, ಸಿಲ್ಕ್ ಬೋರ್ಡಿಂದ ಕೆ.ಆರ್.ಪುರಂವರೆಗೆ ಮೆಟ್ರೋ ಕಂಬಗಳ ಕೆಳಗೆ ತೆವಳ್ತಾ ಹೋಗಿದ್ದೀವಿ. ಮೆಟ್ರೋ ಇರೋ ಕಡೆಯೂ 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ ದರ 60 ರೂಪಾಯಿಂದ 90ಕ್ಕೆ ಹೋಯ್ತು. ಅದೇ ಜನವರಿಯಲ್ಲಿ ಬಸ್ ದರವೂ ಶೇಕಡ 15ರಷ್ಟು ಏರಿತು. ಒಂದು ಕಡೆ ಕಾರು ಬಿಡಿ ಅನ್ನೋದು, ಇನ್ನೊಂದು ಕಡೆ ಇದು.

ಇದೇ ರಸ್ತೆಯಲ್ಲಿ 2019ರ ಕೊನೆಗೆ ಬಸ್ ಲೇನ್ ಮಾಡಿದ್ರು, ಗೊತ್ತಾ? ಎಡಗಡೆ ಲೇನಿಗೆ ಕಂಬ ನೆಟ್ಟು, ಬಸ್ಸಿಗೇ ಅಂತ ಬಿಟ್ಟಿದ್ರು. ಆಗ ನನಗೆ ಮದುವೆಯಾಗಿರಲಿಲ್ಲ, ಕಾರೂ ಇರಲಿಲ್ಲ. 500ಡಿ ಬಸ್ಸಲ್ಲಿ ಕೂತು, ಪಕ್ಕದಲ್ಲಿ ನಿಂತಿರೋ ಕಾರುಗಳನ್ನ ದಾಟ್ಕೊಂಡು ಹೋಗೋ ಖುಷಿ ಇವತ್ತಿಗೂ ನೆನಪಿದೆ. ಆಮೇಲೆ ಕೋವಿಡ್ ಬಂತು, ಮೆಟ್ರೋ ಕೆಲಸ ಬಂತು, ಆ ಕಂಬಗಳು ಹೋದವು.

ಸರಿ, ಈ ಎಪಿಸೋಡಿಗೋಸ್ಕರ ಒಂದು ವಾರ ಕಾರಿನ ಕೀ ಗಂಡನ ಕೈಗೆ ಕೊಟ್ಟೆ. ಸೋಮವಾರ ಮನೆಯಿಂದ ಆಫೀಸಿಗೆ ಒಂದು ಗಂಟೆ ನಲವತ್ತೈದು ನಿಮಿಷ. ಕಾರಲ್ಲಾದ್ರೆ ಒಂದು ಕಾಲು ಗಂಟೆ. ಅರ್ಧ ಗಂಟೆ ಅಷ್ಟೇ ವ್ಯತ್ಯಾಸ, ಅದರಲ್ಲಿ ಬಸ್ಸೊಳಗೆ ಕಳೆದದ್ದು ಕಡಿಮೆ. ಹೆಚ್ಚು ಹೋಗಿದ್ದು ಸ್ಟಾಪಿನಲ್ಲಿ ಕಾಯೋಕೆ, ಮತ್ತೆ ಮನೆಯಿಂದ ಸ್ಟಾಪಿನವರೆಗಿನ ಒಂದೂವರೆ ಕಿಲೋಮೀಟರಿಗೆ. ಫುಟ್‌ಪಾತ್ ಇಲ್ಲ, ಸಂಜೆ ಲೈಟ್ ಇಲ್ಲ. ಮಂಗಳವಾರ, ಬುಧವಾರ ಪರವಾಗಿಲ್ಲ. ಮೆಸೇಜ್‌ಗಳಿಗೆಲ್ಲ ಉತ್ತರ ಕೊಟ್ಟೆ, ಸೀಟು ಸಿಕ್ಕಿದಾಗ ನಿದ್ದೆಯನ್ನೂ ಮಾಡಿದೆ.

ಗುರುವಾರ ಸಂಜೆ ಎರಡು ಬಸ್ ತುಂಬಿಕೊಂಡು ಬಂದವು, ನಿಲ್ಲಿಸಲೇ ಇಲ್ಲ. ಮಗನ ಡೇ ಕೇರ್ ಏಳಕ್ಕೆ ಮುಚ್ಚುತ್ತೆ. ನಾನು ಮುಟ್ಟಿದಾಗ ಏಳು ಇಪ್ಪತ್ತೈದು. ಶೂ ಹಾಕಿ, ಬ್ಯಾಗ್ ಹೆಗಲಿಗೇರಿಸಿ, ಆಯಾ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದ. “ಅಮ್ಮ, ಕಾರು ಎಲ್ಲಿ?” ಅಂದ. ಆಯಾಗೂ ಮನೆ ಇದೆ, ಅವರಿಗೂ ಬಸ್ ಹಿಡಿಯಬೇಕು. ಶುಕ್ರವಾರ ಕಾರು ತಗೊಂಡೆ.

ದಿನಕ್ಕೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ, ತಿಂಗಳಿಗೆ ಇಪ್ಪತ್ತೆರಡು ದಿನ, 2,200. ಕೇಳಿದ್ರೆ ಕಟ್ತೀನಿ. ಗೊಣಗಿಕೊಂಡೇ ಕಟ್ತೀನಿ. ಆದ್ರೆ ಆ ದುಡ್ಡು ಬಸ್ಸಿಗೇ, ನಮ್ಮ ಸ್ಟಾಪಿನ ದಾರಿಗೇ ಹೋಗುತ್ತೆ ಅಂತ ಕಾನೂನಲ್ಲಿ ಬರೆದಿರಬೇಕು, ಖರ್ಚಿನ ಲೆಕ್ಕ ಎಲ್ಲರಿಗೂ ಕಾಣಬೇಕು. ಕೆಲಸದ ಅಕ್ಕನ ಇಪ್ಪತ್ತು ರೂಪಾಯಿ ಉಳಿಯದಿದ್ರೆ ನನ್ನ ನೂರು ರೂಪಾಯಿ ಯಾತಕ್ಕೆ ಕೊಟ್ಟೆ ಅಂತ ನಾನೂ ಅಂಕಲ್ ಥರ ವಾಯ್ಸ್ ನೋಟ್ ಹಾಕ್ತೀನಿ.

ನಿಮ್ಮ ಸ್ಟಾಪಿನಲ್ಲಿ ಎಷ್ಟು ಹೊತ್ತು ಕಾಯ್ತೀರಿ? ನಾಳೆ ಬೆಳಗ್ಗೆ ಗಡಿಯಾರ ನೋಡಿ ಒಂದು ವಾಯ್ಸ್ ನೋಟ್ ಕಳಿಸಿ, ಸ್ಟಾಪಿನ ಹೆಸರು ಹೇಳೋದು ಮರೀಬೇಡಿ. ಮುಂದಿನ ವಾರ ಅದನ್ನೇ ಕೇಳೋಣ.