ಪುನರ್ಪುಳಿ ಜೆಲ್ಲಿ ಯಾಕೆ ಗಟ್ಟಿಯಾಗಲಿಲ್ಲ?

ಇವತ್ತು ಗೋರೆಗಾಂವ್‌ನ ನಮ್ಮ ಅಡುಗೆಮನೆಯ ಒಂದು ಸೋಲಿನ ಕಥೆ ಹೇಳ್ತೀನಿ.

ಮಗಳ ಹುಟ್ಟುಹಬ್ಬ. ಉಡುಪಿಯಿಂದ ಅಮ್ಮ ಪುನರ್ಪುಳಿ ತಂದಿದ್ದರು, ಇಲ್ಲಿಯವರು ಕೋಕಮ್ ಅಂತಾರಲ್ಲ, ಅದೇ. ಚೈನಾ ಗ್ರಾಸ್, ಸಕ್ಕರೆ, ಪುನರ್ಪುಳಿ ರಸ ಎಲ್ಲ ಒಟ್ಟಿಗೆ ಹಾಕಿ ಚೆನ್ನಾಗಿ ಕುದಿಸಿ ಫ್ರಿಜ್‌ನಲ್ಲಿಟ್ಟೆ. ಸಂಜೆ ಮಕ್ಕಳೆಲ್ಲ ಬಂದ ಮೇಲೆ ತೆಗೆದರೆ ಬರೀ ಪಾನಕ! ಮಗಳ ಮುಖ ಸಣ್ಣದಾಯ್ತು. ಅಮ್ಮ, "ಹುಳಿ ಹಾಕಿ ಕುದಿಸ್ಲಿಕ್ಕುಂಟಾ ಮಾರಾಯಾ?" ಅಂದರು.

ಐಟಿಯವರು ನಾವು, ರೂಟ್ ಕಾಸ್ ಸಿಗದೆ ನಿದ್ದೆ ಬರಲ್ಲ.

ಚೈನಾ ಗ್ರಾಸ್ ಅಂದರೆ ಕಡಲಕಳೆಯಿಂದ ತೆಗೆದ ಅಗರ್. ಅದರ ಅಣುಗಳು ಉದ್ದುದ್ದ ಸರಪಳಿಗಳು, ಪಾಲಿಮರ್‌ಗಳು. ಕುದಿಯುವ ನೀರಲ್ಲಿ ಅವು ಸಡಿಲವಾಗಿ, ನೀರಿನ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಲೆದಾಡುತ್ತವೆ. ಆರುತ್ತಾ ಸುಮಾರು 35ರಿಂದ 40 ಡಿಗ್ರಿಗೆ ಬಂದಾಗ ಎರಡೆರಡು ಸರಪಳಿ ಜಡೆಯಂತೆ ಹೆಣೆದುಕೊಳ್ಳುತ್ತವೆ. ಜಡೆಗಳು ಕಂತೆಯಾಗಿ, ಪಾತ್ರೆಯ ಈ ಅಂಚಿಂದ ಆ ಅಂಚಿಗೆ ಒಂದೇ ಬಲೆ ಆಗುತ್ತದೆ. ಅದೇ ಜೆಲ್. ನೂರು ಗ್ರಾಂ ನೀರಿಗೆ ಒಂದು ಗ್ರಾಂ ಅಗರ್ ಸಾಕು!

ಬಲೆಗೆ ಸೇರದೆ ಉಳಿದ ಸರಪಳಿ ಏನು ಮಾಡುತ್ತೆ? ಬೆಳಗಿನ ಲೋಕಲ್‌ನಲ್ಲಿ ಅಡ್ಡ ಸರಿಯೋಕೆ ಜಾಗ ಇರುತ್ತಾ? ಸಂದು ಸಿಕ್ಕ ಕಡೆ ನುಸುಳಬೇಕು. ಸರಪಳಿಯೂ ಹಾವಿನ ಹಾಗೆ ತನ್ನ ಉದ್ದಕ್ಕೇ ಜಾರುತ್ತದೆ ಎಂದು ಫ್ರಾನ್ಸಿನ ಪಿಯರ್ ಜಿಲ್ ದ ಜೆನ್ 1971ರಲ್ಲಿ ತೋರಿಸಿದರು. 1991ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಈಗ ನನ್ನ ತಪ್ಪಿಗೆ ಬರೋಣ. ಹುಳಿ ಮತ್ತು ಕುದಿ ಎರಡೂ ಸೇರಿದರೆ ಅಗರ್ ಸರಪಳಿ ತುಂಡಾಗುತ್ತದೆ. ಗಿಡ್ಡ ತುಂಡುಗಳಿಂದ ಪಾತ್ರೆಯಗಲ ಬಲೆ ಹೆಣೆಯೋಕಾಗಲ್ಲ. ಮತ್ತೆ ಎಷ್ಟು ತಣ್ಣಗೆ ಮಾಡಿದರೂ ಅಷ್ಟೇ.

ಮುಂದಿನ ಭಾನುವಾರ ಅಮ್ಮ ಹೇಳಿದ ಹಾಗೆ ಮಾಡಿದೆವು. ಮೊದಲು ನೀರಲ್ಲಿ ಚೈನಾ ಗ್ರಾಸ್ ಪೂರ್ತಿ ಕರಗೋವರೆಗೆ ಕುದಿಸಿ, ಒಲೆ ಆರಿಸಿ, ಹಬೆ ತಗ್ಗಿದ ಮೇಲೆ ರಸ ಬೆರೆಸಿದ್ದು. ಚಾಕು ನಿಲ್ಲುವಷ್ಟು ಗಟ್ಟಿಯಾಯ್ತು.

ರಸ ಹಾಕದೆ ಒಂದು ಬಟ್ಟಲು ಬೇರೆ ಇಟ್ಟಿದ್ದೆವು. ಅದರ ಮೇಲೆ ಮಗಳು ಒಂದು ಹನಿ ಪುನರ್ಪುಳಿ ಬಿಟ್ಟಳು. ಮರುದಿನ ನೋಡಿದರೆ ಕೆಂಪು ಬಣ್ಣ ಒಳಗಿಳಿದಿತ್ತು. "ಅಪ್ಪಾ, ಗಟ್ಟಿ ಇದೆಯಲ್ಲಾ, ಹೇಗೆ ಹೋಯ್ತು?" ಅಂದಳು. ನಿಂತಿದ್ದು ಬಲೆ ಮಾತ್ರ ಕಂದಾ, ಅದರ ಸಂದಿನ ನೀರು ಇನ್ನೂ ಓಡಾಡ್ತಾನೇ ಇದೆ ಅಂದೆ.

ಅಮ್ಮನಿಗೆ ಪಾಲಿಮರ್ ಅನ್ನೋ ಪದ ಗೊತ್ತಿಲ್ಲ, ಆದರೆ ಉತ್ತರ ಗೊತ್ತಿತ್ತು. ಮೊದಲೇ ಕೇಳಿದ್ದರೆ ಹುಟ್ಟುಹಬ್ಬಕ್ಕೇ ಜೆಲ್ಲಿ ಇರ್ತಿತ್ತು.